ಅಣ್ಣನ ಪಕ್ಕದಲ್ಲಿ 21 ಕಿಲೋಮೀಟರ್

ಏಳನೇ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂತು. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ಚಿಕಿತ್ಸೆ ಎರಡೂವರೆ ವರ್ಷ ನಡೆಯಿತು. ಸೂಜಿಗಳ ನೆನಪು ಈಗ ಮಸುಕಾಗಿದೆ, ಅಣ್ಣನ ಬೆನ್ನಿನ ನೆನಪು ಮಾತ್ರ ಹಾಗೇ ಇದೆ. ನಿತ್ಯಪುಷ್ಪದ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧ ನನ್ನ ಜೀವ ಉಳಿಸಿದ್ದರಲ್ಲಿ ಪಾಲು ಪಡೆದಿದೆ. ಅದೇ ಔಷಧ ಕಾಲಿನ ನರಗಳಿಗೆ ಪೆಟ್ಟು ಕೊಟ್ಟಿತು. ಮುಂಗಾಲು ಎತ್ತಲಾಗದೆ ಕಾಲು ಎಳೆದುಕೊಂಡು ನಡೆಯುತ್ತಿದ್ದೆ. ಮೆಟ್ಟಿಲು ಬಂದರೆ, ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಮಾತಿಲ್ಲದೆ ಮುಂದೆ ಬಂದು ಬಗ್ಗುತ್ತಿದ್ದ. ಅಮ್ಮ ಪ್ರತಿ ಸಂಜೆ ನನ್ನ ಬೂಟು ಕೈಗೆತ್ತಿಕೊಂಡು ತುದಿ ನೋಡುತ್ತಿದ್ದಳು. ಎಷ್ಟು ಸವೆದಿದೆ ಅನ್ನುವುದರ ಮೇಲೆ ಆ ದಿನ ಹೇಗೆ ನಡೆದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಮೂವತ್ತಾರನೇ ವಯಸ್ಸಿನಲ್ಲಿ, ಕೆರೆ ಬಳಸಿ ಕಾಡಿನ ಗುಡ್ಡ ಹತ್ತಿ ಇಳಿಯುವ ಹಾಫ್ ಮ್ಯಾರಥಾನ್ ಒಂದಿದೆ ಎಂದು ಗೊತ್ತಾದಾಗ ಓಡೋಣ ಎಂದವಳು ನಾನೇ. ದೂರ 21.0975 ಕಿಲೋಮೀಟರ್. ಅಣ್ಣ, ನನ್ನ ಗಂಡ ಇಬ್ಬರೂ ತಕ್ಷಣ ಒಪ್ಪಿದರು. ಅಮ್ಮ ಏನೂ ಹೇಳಲಿಲ್ಲ, ಒಳಗೆ ಹೋಗಿ ನನ್ನ ಚಿಕಿತ್ಸೆಯ ಹಳೆಯ ಫೈಲು ತಂದಿಟ್ಟಳು.

ಬಾಲ್ಯದಲ್ಲಿ ಕೀಮೋ ಪಡೆದ ಯಾರೇ ಆಗಲಿ ಶುರು ಮಾಡಬೇಕಾದದ್ದು ಆ ಫೈಲಿನಿಂದಲೇ. ನನಗೆ ಡೌನೋರುಬಿಸಿನ್ ಎಂಬ ಕೀಮೋ ಔಷಧ ಕೊಟ್ಟಿದ್ದರು. ಆ ಗುಂಪಿನ ಔಷಧಗಳು ಹೃದಯದ ಸ್ನಾಯುವನ್ನು ದುರ್ಬಲ ಮಾಡಬಲ್ಲವು. ಅದು ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ ಇರಬಹುದು, ಮೇಲ್ನೋಟಕ್ಕೆ ಏನೂ ಕಾಣದೆಯೂ ಇರಬಹುದು. ಒಟ್ಟು ಎಷ್ಟು ಡೋಸು ದೇಹ ಸೇರಿದೆ ಎಂಬ ಲೆಕ್ಕದ ಮೇಲೆ ಅಪಾಯ ನಿಂತಿದೆ. ಆ ಲೆಕ್ಕ ಹಿಡಿದು ಹೃದಯ ತಜ್ಞರ ಬಳಿ ಹೋದೆ. ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ತೆಗೆದರು. ಓಡಬಹುದು, ಆದರೆ ಮಾತಾಡಲು ಆಗುವಷ್ಟು ವೇಗದಲ್ಲಿ ಮಾತ್ರ ಎಂದರು. ಎದೆ ನೋವು, ತಲೆ ಸುತ್ತು, ಎದೆ ಬಡಿತ ಏರುಪೇರು ಇವುಗಳಲ್ಲಿ ಯಾವುದೇ ಬಂದರೂ ಅಲ್ಲೇ ನಿಲ್ಲಬೇಕು. ಈ ಒಂದು ಹಂತವನ್ನು ದಯವಿಟ್ಟು ಯಾರೂ ಬಿಡಬೇಡಿ.

ಕಾಲಿನ ಕೆಲಸ ಹೃದಯದ್ದಕ್ಕಿಂತ ನಿಧಾನ. ಫಿಸಿಯೋಥೆರಪಿಸ್ಟ್ ಹೇಳಿದಂತೆ ದಿನವೂ ಹಿಮ್ಮಡಿಯ ಮೇಲೆ ನಡೆದೆ, ರಬ್ಬರ್ ಪಟ್ಟಿ ಹಾಕಿ ಪಾದವನ್ನು ಮೇಲಕ್ಕೆ ಎಳೆದೆ, ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಂತೆ. ಮೊದಲ ವಾರ ಎಣಿಸಿ ಮೂರು ಸೆಕೆಂಡ್ ನಿಲ್ಲಲೂ ಆಗಲಿಲ್ಲ. ಓಡುವಾಗ ಸುಸ್ತಾದರೆ ಬಲ ಬೂಟಿನ ತುದಿ ನೆಲಕ್ಕೆ ಸರ್ ಎಂದು ಉಜ್ಜುತ್ತಿತ್ತು. ನನಗಿಂತ ಮೊದಲು ಅದು ಅಣ್ಣನ ಕಿವಿಗೆ ಬೀಳುತ್ತಿತ್ತು. "ಪುಟ್ಟಿ, ಕಾಲು" ಅನ್ನುತ್ತಿದ್ದ. ಆಗ ನಡಿಗೆ.

ನಡಿಗೆಯನ್ನು ನಾವು ಮೊದಲೇ ಓಟದೊಳಗೆ ಸೇರಿಸಿಕೊಂಡಿದ್ದೆವು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಜನಪ್ರಿಯಗೊಳಿಸಿದ ಪದ್ಧತಿ ಅದು: ಸುಸ್ತಾದ ಮೇಲೆ ನಡೆಯುವ ಬದಲು ಮೊದಲ ಕಿಲೋಮೀಟರಿನಿಂದಲೇ ಸ್ವಲ್ಪ ಓಡು, ಸ್ವಲ್ಪ ನಡೆ. ನಮ್ಮದು ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ. ಇಪ್ಪತ್ನಾಲ್ಕು ವಾರಗಳಲ್ಲಿ 3 ಕಿಲೋಮೀಟರಿನಿಂದ 17ಕ್ಕೆ ಬಂದೆವು. ನಾಲ್ಕು ವಾರಕ್ಕೊಮ್ಮೆ ದೂರ ಇಳಿಸಿ ಮೈಗೆ ಬಿಡುವು ಕೊಟ್ಟೆವು.

ಜೊತೆಯಾಗಿ ಓಡುವುದು ಕಲಿಯಬೇಕಾದ ವಿದ್ಯೆ. ನನ್ನ ಗಂಡನ ಸಹಜ ವೇಗ ನನಗಿಂತ ಬಹಳ ಹೆಚ್ಚು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡುವುದು ಅವರ ಅಭ್ಯಾಸ. ಹಾಗೆ ನೋಡಿದಾಗಲೆಲ್ಲ ನನಗೆ ಗೊತ್ತಾಗದಂತೆ ನನ್ನ ವೇಗ ಏರುತ್ತಿತ್ತು. ಒಂದು ದಿನ ಕೂತು ಮಾತಾಡಿದೆವು. ಎಲ್ಲರಿಗಿಂತ ನಿಧಾನ ಇರುವವರದೇ ವೇಗ, ಅವರು ನಡುವೆ. ಇನ್ನೊಂದು ಮಾತು ನಾನೇ ಕೇಳಿಕೊಂಡೆ: "ಸಾಕಾ? ಆಗ್ತಿದೆಯಾ?" ಎಂದು ಯಾರೂ ಕೇಳಬಾರದು. ಏಳನೇ ವಯಸ್ಸಿನಿಂದ ಆ ಪ್ರಶ್ನೆ ಕೇಳಿಸಿಕೊಂಡು ಬಂದಿದ್ದೇನೆ. ಆಗದಿದ್ದರೆ ನಾನೇ ಹೇಳುತ್ತೇನೆ, ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟೆ. ಬೂಟಿನ ಸದ್ದಿಗೆ ಮಾತ್ರ ಅಣ್ಣನಿಗೆ ವಿನಾಯಿತಿ ಇತ್ತು.

ಮಾತಾಡಲು ಆಗುವ ವೇಗ ಎಂದು ವೈದ್ಯರು ಕಟ್ಟು ಹಾಕಿದ್ದರಲ್ಲ, ಅದರಿಂದ ನಾವು ನಿಜಕ್ಕೂ ಮಾತಾಡಿದೆವು. 14 ಕಿಲೋಮೀಟರ್ ಓಡಿದ ಒಂದು ಬೆಳಿಗ್ಗೆ ಅಣ್ಣ ಹೇಳಿದ: ನನಗೆ ಏನಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವಂತೆ. ತಿಂಗಳುಗಟ್ಟಲೆ ಬೇರೆಯವರ ಮನೆಯಲ್ಲಿ ಬಿಟ್ಟಿದ್ದರು. ನನ್ನನ್ನು ನೆಲಕ್ಕೆ ಬಿಡದೆ ಹೊತ್ತರೆ ವಾಸಿಯಾಗುತ್ತದೆ ಎಂದು ನಂಬಿಕೊಂಡಿದ್ದನಂತೆ. ಒಮ್ಮೆ ಮೆಟ್ಟಿಲ ಮೇಲೆ ನಾನು ಜಾರಿ ಬಿದ್ದು ಮರುದಿನ ಜ್ವರ ಬಂದಾಗ ತನ್ನಿಂದಲೇ ಎಂದುಕೊಂಡನಂತೆ. ಇಪ್ಪತ್ತೊಂಬತ್ತು ವರ್ಷ ಈ ಮಾತು ಅವನ ಹೊಟ್ಟೆಯಲ್ಲಿತ್ತು. ಎದುರು ಕೂತಿದ್ದರೆ ಹೇಳುತ್ತಿರಲಿಲ್ಲ. ಪಕ್ಕಪಕ್ಕದಲ್ಲಿ, ಇಬ್ಬರ ಕಣ್ಣೂ ದಾರಿಯ ಮೇಲಿದ್ದಾಗ ಬಂತು. ಕಾಯಿಲೆ ಮಗುವಿಗೆ ಬಂದಾಗ ಜೊತೆಗಿರುವ ಇನ್ನೊಂದು ಮಗುವಿಗೆ ದಯವಿಟ್ಟು ವಿಷಯ ತಿಳಿಸಿ.

ಸುಂದರವಾದ ದಾರಿ ಆರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ: ನೋಟ ಕಣ್ಣನ್ನು ನೆಲದಿಂದ ಎತ್ತಿಸುತ್ತದೆ, ಎಡವುವುದು ಆಗಲೇ. ಹಾಗಾಗಿ ಓಡುವ ಮೂರು ನಿಮಿಷ ನೆಲ, ನಡೆಯುವ ಒಂದು ನಿಮಿಷ ಕೆರೆ, ಕಾಡು, ಆಕಾಶ ಎಂದು ಹಂಚಿಕೊಂಡೆವು. ಹಾಫ್ ಮ್ಯಾರಥಾನ್ ದಿನ 13ನೇ ಕಿಲೋಮೀಟರಿನಲ್ಲಿ ಗುಡ್ಡದ ನೆತ್ತಿ ತಲುಪಿದೆವು. ಮಂಜು ಸರಿದು ಕೆಳಗೆ ಇಡೀ ಕೆರೆ ಕಂಡಿತು, ಬೆಳಿಗ್ಗೆ ನಾವು ಹೊರಟ ದಂಡೆ ಬೆರಳಿನಷ್ಟಾಗಿತ್ತು. ಅಲ್ಲಿ ಒಂದು ನಿಮಿಷಕ್ಕೆ ಇನ್ನೆರಡು ಸೇರಿಸಿದೆವು.

ನನಗೆ ಏರಿಗಿಂತ ಇಳಿಜಾರೇ ಕಷ್ಟವಾಯಿತು. ಪಾದವನ್ನು ಮೆಲ್ಲಗೆ ನೆಲಕ್ಕಿಳಿಸುವುದು ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯು. ಅದು ಸೋತರೆ ಪಾದ ಪಟ್ ಎಂದು ಬಡಿಯುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಎರಡು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ ಎಂದು ಬದಲಿಸಿ ಇಳಿದೆವು. 18ರ ನಂತರ "ಪುಟ್ಟಿ, ಕಾಲು" ನಾಲ್ಕು ಸಲ ಬಂತು. ನಾಲ್ಕು ಸಲವೂ ಮೂವರೂ ನಡೆದೆವು.

3 ಗಂಟೆ 11 ನಿಮಿಷಕ್ಕೆ ಮುಗಿಸಿದೆವು. ನಿಗದಿಪಡಿಸಿದ ಗಡುವು ಮೂರೂವರೆ ಗಂಟೆ. ಅಮ್ಮ ನೀರಿನ ಬಾಟಲಿ ಅಣ್ಣನ ಕೈಗೆ ಕೊಟ್ಟು, ಹುಲ್ಲಿನ ಮೇಲೆ ಕೂತಿದ್ದ ನನ್ನ ಬಲಗಾಲಿನ ಬೂಟಿನ ದಾರ ಬಿಚ್ಚಿದಳು. ತಿರುಗಿಸಿ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ನಂತರ ಎಡಗಾಲಿನದನ್ನೂ ಬಿಚ್ಚಿ, ಎರಡನ್ನೂ ಪಕ್ಕಪಕ್ಕ ಬಿಸಿಲಿಗೆ ಇಟ್ಟಳು.