ಯುಗಾದಿಗೆ ಬೈಕಲ್ಲೇ ಊರಿಗೆ? ಚೈನಿಗೆ ಎಣ್ಣೆ ಬಿಡುವ ಮೊದಲು ಪಾಲಿಸಿ ಓದಿ

ಶಿವರಾತ್ರಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ಬೆಂಗಳೂರಿನಿಂದ ಊರ ಕಡೆ ಬೈಕುಗಳ ಸಾಲು ಶುರುವಾಗುತ್ತದೆ. ಯುಗಾದಿ, ಅದರ ಬೆನ್ನಿಗೇ ಊರ ಜಾತ್ರೆ, ನಡುವೆ ಒಂದೆರಡು ಮದುವೆ. ಹೊರಡುವ ಮುನ್ನ ಸರ್ವೀಸ್ ಮಾಡಿಸುವವರು ಬೇಕಾದಷ್ಟಿದ್ದಾರೆ, ಇನ್ಶೂರೆನ್ಸ್ ಪಾಲಿಸಿ ತೆರೆದು ನೋಡುವವರು ಅಪರೂಪ. ಅಪಘಾತ ಪರಿಹಾರದ ಕೇಸು ಕೆಡುವುದು ಹೆಚ್ಚಾಗಿ ಎರಡು ಕಡೆ: ಮೊದಲೇ ನೋಡದೆ ಬಿಟ್ಟ ಪಾಲಿಸಿಯಲ್ಲಿ, ಬಿದ್ದ ಮೇಲೆ ಆಸ್ಪತ್ರೆಯಲ್ಲಿ ಬರೆಸಿದ ಒಂದು ಸಾಲಿನಲ್ಲಿ. ಇಲ್ಲೂ ಆ ಎರಡಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಮೊದಲು ಪಾಲಿಸಿ

2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ) ಒಟ್ಟಿಗೇ ಕೊಡುತ್ತಾರೆ. ‘ಐದು ವರ್ಷ ಚಿಂತೆಯಿಲ್ಲ’ ಎಂದು ಜನ ನೆಮ್ಮದಿಯಾಗುವುದು ಇಲ್ಲೇ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಅವಧಿ ಇರುತ್ತವೆ. ಥರ್ಡ್ ಪಾರ್ಟಿಯದ್ದು ಐದು ವರ್ಷ, ನಿಮ್ಮ ಗಾಡಿಯ ಹಾನಿಗೆ ಸಂಬಂಧಿಸಿದ ‘ಓನ್ ಡ್ಯಾಮೇಜ್’ ಸಾಮಾನ್ಯವಾಗಿ ಒಂದೇ ವರ್ಷ. ಅದನ್ನು ನವೀಕರಿಸದಿದ್ದರೆ ಉಳಿಯುವುದು ಕಾನೂನಿಗೆ ಬೇಕಾದ ಕನಿಷ್ಠ ವಿಮೆ ಮಾತ್ರ.

ಅದರ ಪರಿಣಾಮ ಗಾಡಿಗಷ್ಟೇ ಆಗುವುದಿಲ್ಲ. ನೀವೇ ಆಯತಪ್ಪಿ ಬಿದ್ದು ಹಿಂದೆ ಕೂತ ಹೆಂಡತಿಗೆ ಪೆಟ್ಟಾಯಿತು ಎನ್ನಿ. ಕನಿಷ್ಠ ವಿಮೆಯಲ್ಲಿ ಹಿಂಬದಿ ಸವಾರರು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡೂ ಇರುವ ಕಾಂಪ್ರಹೆನ್ಸಿವ್ ಪಾಲಿಸಿ ಚಾಲ್ತಿಯಲ್ಲಿದ್ದರೆ ಸೇರುತ್ತಾರೆ. ಎದುರಿನ ವಾಹನದ್ದು ತಪ್ಪಾದರೆ ಬಿಡಿ, ಆಗ ಆ ವಾಹನದ ವಿಮಾ ಕಂಪನಿ ಇಬ್ಬರಿಗೂ ಹೊಣೆ.

ಇನ್ನೊಂದು ಸಾಲು, ‘ಪಿಎ ಕವರ್, ಓನರ್ ಡ್ರೈವರ್’. ಇದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಬೇರೆ ವಾಹನವೇ ಇಲ್ಲದೆ ನೀವೇ ಬಿದ್ದು ಪ್ರಾಣ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ ಮೋಟಾರು ಪಾಲಿಸಿಯಲ್ಲಿ ಕೈಗೆ ಸಿಗುವುದು ಇದೊಂದೇ. ಅದರ ಮುಂದೆ ಪ್ರೀಮಿಯಂ ಸೊನ್ನೆ ಇದ್ದರೆ ಆ ರಕ್ಷಣೆಯೂ ಈ ಪಾಲಿಸಿಯಲ್ಲಿ ಇಲ್ಲ. ಹೆಸರೇ ಹೇಳುವಂತೆ ಇದು ಮಾಲೀಕನಿಗೆ, ಅದೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದು ತಾನೇ ಓಡಿಸುತ್ತಿದ್ದಾಗ. ಗೆಳೆಯನ ಬೈಕ್ ಎರವಲು ಪಡೆದು ಹೊರಡುವವರು ಇಲ್ಲಿ ನಿಲ್ಲಬೇಕು. ಇಳಕಲ್‌ನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೊರಟವರೊಬ್ಬರು ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಾಗ ಅದಕ್ಕೆ ಗುದ್ದಿ ತೀರಿಕೊಂಡರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ಇರುತ್ತಾನೆ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ, ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಮಿನಡಿ ಅವನ ಮನೆಯವರು ಕೇಳಲು ಬರುವುದಿಲ್ಲ ಎಂದಿತು. ಎರವಲು ಗಾಡಿಯಲ್ಲಿ ಓಡಾಡುವವರು ಸ್ವಂತ ಹೆಸರಿನಲ್ಲೊಂದು ಅಪಘಾತ ವಿಮೆ ಮಾಡಿಸಿಕೊಳ್ಳುವುದೇ ವಾಸಿ.

ಹಳೆಯ ಬೈಕ್ ಮಾರಿದ್ದೀರಾ? ಆರ್‌ಸಿ ಕೊಂಡವನ ಹೆಸರಿಗೆ ಆಗುವವರೆಗೂ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಗನ ಕೈಗೆ ಸ್ಕೂಟರ್ ಕೀ ಕೊಡುವ ಅಪ್ಪಂದಿರಿಗೆ ಅದೇ ಕಾಯ್ದೆಯ 199ಎ ಕಲಮು ಗೊತ್ತಿರಲಿ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆಮೇಲೆ ತಲೆ, ಟೈರು

ಹೆಲ್ಮೆಟ್ ಮೇಲೆ ಐಎಸ್ 4151 ಎಂಬ ಸಂಖ್ಯೆಯೊಂದಿಗೆ ಐಎಸ್ಐ ಗುರುತು ಇರಬೇಕು. ಪಟ್ಟಿ ಬಿಗಿಯಾಗಿ ಕಟ್ಟಿರಬೇಕು. ದಂಡ ತಪ್ಪಿಸಲು ತಲೆಗಿಡುವ ಅರ್ಧ ಹೆಲ್ಮೆಟ್ ಬಿಸಿಲಿಗೆ ಟೋಪಿಯಾದೀತು, ಅಷ್ಟೇ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವಾದರೆ ಹೆಲ್ಮೆಟ್ ಜೊತೆ ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಈ ನಿಯಮ 2023ರ ಫೆಬ್ರುವರಿಯಿಂದ ಇದೆ, ಪಾಲಿಸುವವರು ಕಾಣುವುದಿಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡಿಸಿ. ಬಿಸಿಲಲ್ಲಿ ಓಡಿದ ಮೇಲೆ ನೋಡಿದರೆ ಒತ್ತಡ ಹೆಚ್ಚೇ ತೋರಿಸುತ್ತದೆ.

ಚೈತ್ರದ ರಸ್ತೆ

ಮಳೆಗಾಲಕ್ಕಿಂತ ಈ ತಿಂಗಳುಗಳ ಮೊದಲ ಮಳೆ ಮೋಸ. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಮಾವಿನ ಮಳೆಯ ನಾಲ್ಕು ಹನಿಗೆ ಸೇರಿ ಲೋಳೆಯಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವವರೆಗಿನ ಮೊದಲ ಕಾಲು ಗಂಟೆಯೇ ಅಪಾಯದ್ದು. ಆಗ ಗಾಡಿ ನಿಲ್ಲಿಸಿ ಟೀ ಕುಡಿಯುವುದಕ್ಕಿಂತ ಒಳ್ಳೆಯ ಚಾಲನಾ ಕೌಶಲ ನನಗೆ ಗೊತ್ತಿಲ್ಲ. ಹೊಂಗೆ ಮರದ ಸಾಲಿದ್ದಲ್ಲಿ ಉದುರಿದ ಹೂವು ರಸ್ತೆಗೆ ಚಾಪೆ ಹಾಸಿರುತ್ತದೆ. ನೋಡಲು ಚೆಂದ, ಒದ್ದೆಯಾದರೆ ಅದರ ಮೇಲೆ ಮುಂದಿನ ಬ್ರೇಕ್ ಹಿಡಿಯುವ ಹಾಗಿಲ್ಲ. ವೇಗವನ್ನು ಅದಕ್ಕೂ ಮೊದಲೇ ಇಳಿಸಿ, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ, ತಿರುವಿನಲ್ಲಿ ಗಾಡಿ ವಾಲಿಸಬೇಡಿ. ಕತ್ತಲಾದ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಜಾತ್ರೆಯ ಟ್ರೈಲರ್‌ಗಳಿಗೆ ಹಿಂದೆ ದೀಪವಿದೆ ಎಂದು ನಂಬಬೇಡಿ.

ಮೈಸೂರು ಕಡೆ ಹೋಗುವವರಿಗೆ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್, ಸ್ಕೂಟರ್‌ಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯೇ ಗತಿ.

ಪೊಲೀಸರು ಕೈ ಅಡ್ಡ ಹಿಡಿದರೆ

ನಿಲ್ಲಿಸಿ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸುವುದು ನಿಮ್ಮ ಕರ್ತವ್ಯ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಕಾಗದದಷ್ಟೇ ಮಾನ್ಯ. ಮೊಬೈಲಿನಲ್ಲಿ ತೆಗೆದಿಟ್ಟ ಫೋಟೊ ಅಲ್ಲ, ಆ್ಯಪಿನಲ್ಲಿ ಇರುವುದು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆ ವೇಳೆ ಬೈಕಿನಿಂದ ಬಿದ್ದು ಪುಟ್ಟ ಮಗು ಸತ್ತಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಹೊರಡಿಸಿದ ಸುತ್ತೋಲೆಯ ಪ್ರಕಾರ, ದಿಢೀರನೆ ಗಾಡಿಗೆ ಅಡ್ಡ ಬರುವುದು, ಕೀ ಕಿತ್ತುಕೊಳ್ಳುವುದು, ಹಿಂಬದಿ ಸವಾರರನ್ನು ಎಳೆಯುವುದು ಕೂಡದು. ಹೆಲ್ಮೆಟ್ ಇಲ್ಲದಿದ್ದರೆ ಕರ್ನಾಟಕದಲ್ಲಿ ದಂಡ 500 ರೂಪಾಯಿ. ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ಕ್ಯಾಮೆರಾ ಹಿಡಿದ ಪ್ರಕರಣವಾದರೆ ಉಲ್ಲಂಘನೆಯ ಫೋಟೊ ಸಮೇತ ನೋಟಿಸ್ ಬರಬೇಕು. ನಂಬರ್ ಪ್ಲೇಟ್ ನಿಮ್ಮದೇನಾ ಎಂದು ನೋಡದೆ ಹಣ ಕಟ್ಟಬೇಡಿ.

ಬಿದ್ದರೆ

112ಕ್ಕೋ 108ಕ್ಕೋ ಕರೆ ಮಾಡಿ, ಮಾಡಿಸಿ. ನೆರವಿಗೆ ಬಂದವರು ‘ನಮಗ್ಯಾಕೆ ಸಾರ್ ಪೊಲೀಸ್ ಸಹವಾಸ’ ಎಂದು ಹಿಂಜರಿದರೆ ಹೇಳಿ: ಸಹಾಯ ಮಾಡಿದವರನ್ನು 134ಎ ಕಲಮು ಕಾಪಾಡುತ್ತದೆ, ಹೆಸರು ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ನಿಗದಿಯಾದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ‘ಈ ಯೋಜನೆಗೆ ಸೇರಿಸಿ’ ಎಂದು ದಾಖಲಾಗುವಾಗಲೇ ಕೇಳಿ.

ಈಗ ಆ ಒಂದು ಸಾಲು. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಡಾಕ್ಟರ್ ‘ಏನಾಯಿತು?’ ಎನ್ನುತ್ತಾರೆ. ಜೊತೆಗೆ ಬಂದ ಭಾವಮೈದ ಗಾಬರಿಯಲ್ಲಿ, ಕೇಸು ಗೀಸು ಬೇಡವೆಂದು, ‘ಸ್ಕಿಡ್ ಆಗಿ ಬಿದ್ದ ಡಾಕ್ಟ್ರೇ’ ಎಂದುಬಿಡುತ್ತಾನೆ. ಕೇಸ್ ಶೀಟಿನಲ್ಲಿ ‘ಸೆಲ್ಫ್ ಫಾಲ್’ ಎಂದು ಬೀಳುತ್ತದೆ. ಆರು ತಿಂಗಳ ನಂತರ ಗುದ್ದಿದ ಕಾರಿನ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಆ ಎರಡು ಪದಗಳನ್ನೇ. ಬೇರೆ ವಾಹನ ಗುದ್ದಿದ್ದರೆ ಅದನ್ನೇ ಹೇಳಿ, ನಂಬರ್ ಗೊತ್ತಿದ್ದರೆ ಬರೆಸಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಮಾಡಿಸಿ. ನಿಜವಾಗಿಯೂ ತಾನೇ ಬಿದ್ದಿದ್ದರೆ ಅದನ್ನೂ ಹಾಗೆಯೇ ಹೇಳಿ. ಯಾವುದೋ ಗಾಡಿಯ ನಂಬರ್ ತಂದು ಸೇರಿಸುವುದು ವಂಚನೆ, ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಸ್ಥಳದಲ್ಲಿರುವವರು ಎರಡೂ ವಾಹನಗಳ ನಂಬರ್, ನಿಂತ ಭಂಗಿ, ಬ್ರೇಕಿನ ಗುರುತು, ಗುಂಡಿಯಿದ್ದರೆ ಗುಂಡಿ, ಎಲ್ಲದರ ಫೋಟೊ ತೆಗೆಯಲಿ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಉಳಿಸಿಕೊಳ್ಳಲು ಹೇಳಿ. ‘ಇಲ್ಲೇ ಮಾತಾಡಿ ಮುಗಿಸೋಣ, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ’ ಎನ್ನುವ ಕಾರಿನವರು ಎರಡನೇ ಬಿಲ್ಲಿಗೆ ಫೋನ್ ಎತ್ತದೇ ಹೋಗಬಹುದು. ಮೂಳೆ ಮುರಿದಿದ್ದರೆ ರಾಜಿಗೆ ಸಹಿ ಬೇಡ, ಠಾಣೆಗೆ ದೂರು ಕೊಡಿ. ಯಾವ ಠಾಣೆಯ ವ್ಯಾಪ್ತಿ ಎಂಬ ತಕರಾರು ಬಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಝೀರೋ ಎಫ್‌ಐಆರ್ ಕೇಳಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ.

ಪರಿಹಾರದ ಅರ್ಜಿ

ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ, ಇವು ಕೇಸಿನ ಬೆನ್ನೆಲುಬು. 2022ರ ಏಪ್ರಿಲ್‌ನಿಂದ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಊರಿನ ನ್ಯಾಯಮಂಡಳಿಗೂ ಹಾಕಬಹುದು. ಕಾನೂನಿನ ಗಡುವು ಆರು ತಿಂಗಳು. ಆ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಅದನ್ನು ನಂಬಿ ಕೂರಬೇಡಿ.

ಗುದ್ದಿದ ಗಾಡಿ ಯಾವುದೆಂದೇ ಪತ್ತೆಯಾಗದಿದ್ದರೆ ದಾರಿ ಬೇರೆ. ಆಗ ಅರ್ಜಿ ಹೋಗುವುದು ಕಂದಾಯ ಉಪವಿಭಾಗದ ಅಧಿಕಾರಿಗೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಕಡಿಮೆಯೇ, ಆದರೆ ಇದು ಇದೆ ಎಂದೇ ಎಷ್ಟೋ ಮನೆಯವರಿಗೆ ತಿಳಿದಿರುವುದಿಲ್ಲ.

ವಕೀಲರು ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಶುಲ್ಕ ಮಾತಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಸಹಾಯವಾಣಿ 15100.

ಔಷಧಿ ಅಂಗಡಿಯ ಚೀಟಿ, ಆಟೊ ಬಾಡಿಗೆ, ಸಂಬಳ ಕಡಿತದ ಪತ್ರ, ಎಲ್ಲವನ್ನೂ ದಿನಾಂಕದ ಪ್ರಕಾರ ಒಂದು ಫೈಲಿಗೆ ಹಾಕುತ್ತಾ ಹೋಗಿ. ವಿಮಾ ಕಂಪನಿ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗುವುದು ಒಳ್ಳೆಯದೇ, ಹಣ ಬೇಗ ಬರುತ್ತದೆ. ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಕಾಲಿಗೆ ಹಾಕಿದ ರಾಡ್ ತೆಗೆಸುವ ಆಪರೇಷನ್ ಬಾಕಿಯಿದ್ದರೆ ಅದರ ಖರ್ಚಿನ ಅಂದಾಜನ್ನು ಡಾಕ್ಟರಿಂದ ಬರೆಸಿಕೊಂಡು, ಲೆಕ್ಕಕ್ಕೆ ಸೇರಿಸಿ, ಆಮೇಲೆ ಸಹಿ ಹಾಕಿ.