ಅನರ್ಹಗೊಂಡ ಮೇಲೂ ಪದೇ ಪದೇ ವಾಹನ ಓಡಿಸಿದವನಿಗೆ ಶಿಕ್ಷೆ ನಿಗದಿಪಡಿಸುವ ಬಗೆ

ಚಾಲನಾ ಪರವಾನಗಿ (ಡಿಎಲ್) ಹೊಂದಲು ಅನರ್ಹನೆಂದು ಆದೇಶವಾದವನು ಮತ್ತೆ ವಾಹನ ಓಡಿಸಿದ ಪ್ರಕರಣ ನ್ಯಾಯಾಧೀಶರಾದ ನಿಮ್ಮ ಕೈಗೆ ಬಂದಾಗ, ಮೊದಲು ಈ ಅಪರಾಧಕ್ಕೆ ಶಿಕ್ಷೆ ಹೇಳುವ ಮೋಟಾರು ವಾಹನ ಕಾಯ್ದೆ, 1988ರ 182ನೆಯ ಕಲಮನ್ನು ಮತ್ತೊಮ್ಮೆ ಓದಿಕೊಳ್ಳಿ. 2019ರ ತಿದ್ದುಪಡಿಯ ಬಳಿಕ ಅದರ ಮೊದಲ ಉಪಕಲಂ ವಿಧಿಸುವುದು ಮೂರು ತಿಂಗಳವರೆಗಿನ ಕಾರಾವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಕುಡಿದು ಓಡಿಸುವುದಕ್ಕೆ ಸಂಬಂಧಿಸಿದ 185ನೆಯ ಕಲಮಿನಲ್ಲಿ ಎರಡನೆಯ ಬಾರಿಗೆ ಎರಡು ವರ್ಷದವರೆಗಿನ ಕಾರಾವಾಸ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು ಪ್ರತ್ಯೇಕವಾಗಿ ಹೇಳಿದೆ. 182ರಲ್ಲಿ ಅಂಥ ಮಾತಿಲ್ಲ. ದಂಡದ ಮೊತ್ತವನ್ನೂ ಕಲಮೇ ನಿಗದಿ ಮಾಡಿರುವುದರಿಂದ, ಆರೋಪಿಯ ಪೂರ್ವೇತಿಹಾಸಕ್ಕೆ ತೂಕ ಸಿಗುವುದು ಎರಡೇ ಕಡೆ: ಕಾರಾವಾಸ ಬೇಕೇ, ಬೇಕಾದರೆ ಎಷ್ಟು ದಿನ ಎಂಬಲ್ಲಿ ಮತ್ತು ಹೊಸದಾಗಿ ವಿಧಿಸುವ ಅನರ್ಹತೆಯ ಅವಧಿಯಲ್ಲಿ.

ವಾಹನ ಓಡಿಸಿದ ದಿನ ಅನರ್ಹತೆ ಜಾರಿಯಲ್ಲಿತ್ತೇ ಎಂಬುದನ್ನು ಮೂಲ ಆದೇಶದಿಂದಲೇ ಖಚಿತಪಡಿಸಿಕೊಳ್ಳಬೇಕು. ಆ ಆದೇಶ 19ನೆಯ ಕಲಮಿನಡಿ ಪರವಾನಗಿ ಪ್ರಾಧಿಕಾರ ಹೊರಡಿಸಿದ್ದಿರಬಹುದು, 20ರಡಿ ನ್ಯಾಯಾಲಯ ಹೊರಡಿಸಿದ್ದೂ ಇರಬಹುದು. ಡಿಎಲ್‌ನ ಅವಧಿ ಮುಗಿದಿತ್ತು ಎಂದಷ್ಟೇ ಆದರೆ ಅದು ಪರವಾನಗಿ ಇಲ್ಲದೆ ಓಡಿಸುವುದಕ್ಕೆ ಸಂಬಂಧಿಸಿದ 3 ಮತ್ತು 181ನೆಯ ಕಲಮುಗಳ ವಿಷಯ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ನ್ಯಾಯಾಲಯದ ಅನರ್ಹತೆಯ ಆದೇಶ ನಿಲ್ಲುವುದಿಲ್ಲ. ಮೇಲ್ಮನವಿ ನ್ಯಾಯಾಲಯ ಹಾಗೆಂದು ನಿರ್ದೇಶಿಸಿರಬೇಕು. ಮೇಲ್ಮನವಿ ಹಾಕಿದ್ದೇನೆ, ಓಡಿಸಬಹುದು ಎಂದು ಪ್ರಾಮಾಣಿಕವಾಗಿ ನಂಬಿದ್ದವನ ತಪ್ಪು ಅದರಿಂದ ಅಳಿಯದು, ಆದರೆ ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಆ ನಂಬಿಕೆಯನ್ನು ಗಮನಿಸುವುದು ನ್ಯಾಯ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಹಿಂದಿನ ಅಪರಾಧಗಳ ರುಜುವಾತಿನಲ್ಲಿ. 'ಈತ ಹಳೆಯ ಆರೋಪಿ' ಎಂಬ ಪೊಲೀಸ್ ವರದಿಯ ಒಂದು ಸಾಲನ್ನು ನಂಬಿ ಯಾರನ್ನೂ ಜೈಲಿಗೆ ಕಳುಹಿಸಬಾರದು. ಹಿಂದಿನ ಶಿಕ್ಷೆಯನ್ನು ಅದನ್ನು ವಿಧಿಸಿದ ನ್ಯಾಯಾಲಯದ ದಾಖಲೆಯ ದೃಢೀಕೃತ ಪ್ರತಿಯಿಂದ ಸಾಬೀತುಪಡಿಸಬಹುದೆಂದು ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 334ನೆಯ ಕಲಂ ಹೇಳುತ್ತದೆ. ಆ ದಾಖಲೆಯಲ್ಲಿರುವ ವ್ಯಕ್ತಿಯೂ ಕಟಕಟೆಯಲ್ಲಿ ನಿಂತಿರುವವನೂ ಒಬ್ಬನೇ ಎಂಬುದಕ್ಕೂ ಸಾಕ್ಷ್ಯ ಬೇಕು. ಒಂದೇ ಹೆಸರಿನವರು ಊರಿಗೆ ನಾಲ್ವರಿರುವ ನಮ್ಮಲ್ಲಿ ಇದು ಬರಿಯ ತಾಂತ್ರಿಕ ಮಾತಲ್ಲ. ಹಿಂದಿನ ಶಿಕ್ಷೆಯ ದಿನಾಂಕ ಮತ್ತು ಸ್ಥಳವನ್ನು ಅಭಿಯೋಜಕರು (ಸರ್ಕಾರದ ಪರ ವಕೀಲರು) ಮೊದಲೇ ತಿಳಿಸಿದರೆ ಆರೋಪಿಗೆ ಉತ್ತರ ಕೊಡಲು ಅವಕಾಶ ಸಿಗುತ್ತದೆ. ಅಪರಾಧ ಸಾಬೀತಾಗುವವರೆಗೆ ಈ ಇತಿಹಾಸ ತೀರ್ಮಾನದ ಮೇಲೆ ಪ್ರಭಾವ ಬೀರಕೂಡದು.

ನಂತರ ತೂಗಿ ನೋಡಬೇಕು. ಹಿಂದಿನದು ಇದೇ ಕಲಮಿನ ಅಪರಾಧವೇ, ಎಷ್ಟು ಕಾಲ ಕಳೆದಿದೆ, ಮೂಲ ಅನರ್ಹತೆ ಏಕೆ ಬಂತು, ಈ ಬಾರಿ ಓಡಿಸಿದ್ದು ಪ್ರಯಾಣಿಕರಿದ್ದ ವಾಹನವೇ, ಅಥವಾ ಹೆರಿಗೆ ನೋವಿನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುವ ತುರ್ತೇ ಎಂಬುದೆಲ್ಲ ಆದೇಶದಲ್ಲಿ ಕಾಣಬೇಕು. ಆದೇಶ ತಿಳಿದೂ ತಿಳಿದೂ ಮೂರನೆಯ ಬಾರಿ ಮೀರಿದವನಿಗೆ ಮತ್ತೆ ದಂಡವನ್ನಷ್ಟೇ ಹಾಕುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಕೆಲವೇ ದಿನಗಳದ್ದಾದರೂ ಕಾರಾವಾಸವನ್ನು ಗಂಭೀರವಾಗಿ ಪರಿಶೀಲಿಸಬೇಕು. ಹಿಂದಿನ ಶಿಕ್ಷೆ ಸಾಬೀತಾಗಿದ್ದರೆ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ 3ನೆಯ ಕಲಮಿನಡಿ ಎಚ್ಚರಿಕೆ ಕೊಟ್ಟು ಬಿಡಲಾಗದು, ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುವ 4ನೆಯ ಕಲಮಿನಲ್ಲಿ ಮಾತ್ರ ಅಂಥ ಸ್ಪಷ್ಟ ನಿರ್ಬಂಧವಿಲ್ಲ.

ಕೊನೆಯದಾಗಿ, ಮೋಟಾರು ವಾಹನ ಕಾಯ್ದೆಯ 20(1)ರಡಿ ಹೊಸ ಅನರ್ಹತೆ ವಿಧಿಸುವುದಾದರೆ ಅದು ಎಂದಿನಿಂದ ಎಂದಿನವರೆಗೆ ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಅಸ್ಪಷ್ಟ ಆದೇಶವೇ ಮುಂದಿನ ಪ್ರಕರಣದಲ್ಲಿ ಪ್ರತಿವಾದಕ್ಕೆ ದಾರಿ ಮಾಡಿಕೊಡುತ್ತದೆ. 24ನೆಯ ಕಲಮಿನಂತೆ ಡಿಎಲ್‌ನಲ್ಲಿ ನಮೂದು ಮಾಡಿಸಿ, ಪ್ರತಿಯನ್ನು ಆರ್‌ಟಿಒ ಕಚೇರಿಗೆ ಕಳುಹಿಸಿ, ಆದೇಶದ ಅರ್ಥವನ್ನು ದೋಷಿಗೆ ಅವನ ಭಾಷೆಯಲ್ಲಿಯೇ ತಿಳಿಸಿ ಸಹಿ ಪಡೆಯಿರಿ. ವಾಹನ ಬೇರೆಯವರದಾಗಿದ್ದರೆ, ಓಡಿಸಲು ಬಿಟ್ಟ ಮಾಲೀಕರ ಮೇಲೆ 180ನೆಯ ಕಲಮಿನಡಿ ಕ್ರಮ ಜರುಗಿದೆಯೇ ಎಂದು ಅಭಿಯೋಜಕರನ್ನು ಕೇಳಬೇಕು.