ಓಣಿಯಿಂದ ಒಬ್ಬನನ್ನು ಪೊಲೀಸರು ಕರೆದೊಯ್ದಾಗ ನೆರೆಹೊರೆಯವರು ಮಾಡಬೇಕಾದದ್ದು

ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಜನ ‘ಸೆಟ್ಲಮೆಂಟ್’ ಎಂದೇ ಕರೆಯುವ ಓಣಿಗಳಿವೆ. 1871ರಲ್ಲಿ ಮೊದಲು ಬಂದು ಆಮೇಲೆ ತಿದ್ದಿ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹೆಸರಿನಲ್ಲಿ ಗಂಟಿಚೋರ್‌, ಹರಣಶಿಕಾರಿ ಮುಂತಾದ ಸಮುದಾಯಗಳನ್ನು ಕೂಡಿಹಾಕಿದ ಜಾಗಗಳವು. ಆ ಕಾಯ್ದೆ 1952ರಲ್ಲಿ ರದ್ದಾಯಿತಾದರೂ ಸಂಶಯ ರದ್ದಾಗಲಿಲ್ಲ. ಎಲ್ಲೋ ಕಳವಾದರೆ ರಾತ್ರಿ ಜೀಪು ಬಂದು ನಿಲ್ಲುವುದು ಇಂಥ ಓಣಿಗಳಲ್ಲಿಯೇ. ಹೀಗೆ ಒಬ್ಬನನ್ನು ಕರೆದೊಯ್ದಾಗ ಅಕ್ಕಪಕ್ಕದವರು ಮಾಡಬಹುದಾದ ಕೆಲಸ ಬಹಳವಿದೆ, ಆದರೆ ಅದರ ಅರ್ಧಭಾಗ ಜೀಪು ಬರುವ ಮೊದಲೇ ಮುಗಿದಿರಬೇಕು.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಗಂಡನನ್ನು ಕರೆದೊಯ್ಯುವಾಗ ಅವನ ಫೋನನ್ನೂ ತೆಗೆದುಕೊಂಡರು. ಎಲ್ಲರ ನಂಬರುಗಳೂ ಅದರಲ್ಲೇ ಇದ್ದುದರಿಂದ ಅವನ ಹೆಂಡತಿ ಬೆಳಗಿನವರೆಗೆ ಯಾರಿಗೂ ಸುದ್ದಿ ಮುಟ್ಟಿಸಲಾಗದೆ ಹೊಸ್ತಿಲ ಮೇಲೆ ಕುಳಿತಿದ್ದಳು. ಅಂದಿನಿಂದ ನಾವು ಪ್ರತಿ ಮನೆಯ ಒಳಗೋಡೆಯ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ದೊಡ್ಡದಾಗಿ ನಾಲ್ಕು ನಂಬರು ಬರೆಸುತ್ತೇವೆ: ಓಣಿಯ ಇಬ್ಬರದು, ಪರಿಚಯದ ವಕೀಲರದು, ಉಚಿತ ಕಾನೂನು ನೆರವಿನ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಮತ್ತು ಬಂಧನದಲ್ಲಿರುವ ಯಾರಿಗೇ ಆಗಲಿ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ.

ಕರೆದೊಯ್ಯುವ ಹೊತ್ತಿನಲ್ಲಿ ಗುಂಪುಗೂಡಿ ಜೀಪಿಗೆ ಅಡ್ಡ ನಿಲ್ಲಬೇಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸು ಇನ್ನೂ ಹತ್ತು ಜನರ ಮೇಲೆ ಬೀಳುತ್ತದೆ. ಒಬ್ಬರು ಶಾಂತವಾಗಿ ಮಾತನಾಡಲಿ, ಇನ್ನೊಬ್ಬರು ಗಂಟೆ ಎಷ್ಟಾಗಿದೆ, ಗಾಡಿಯ ನಂಬರು ಏನು, ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಏನಿದೆ, ಯಾವ ಠಾಣೆ ಎಂಬುದನ್ನು ಬರೆದುಕೊಳ್ಳಲಿ. ಬಂಧನದ ಪತ್ರ ತಯಾರಾಗಬೇಕು, ಅದಕ್ಕೆ ಮನೆಯವರೊಬ್ಬರೋ ಓಣಿಯ ಹಿರಿಯರೊಬ್ಬರೋ ಸಾಕ್ಷಿಯಾಗಿ ಸಹಿ ಹಾಕಬೇಕು ಎಂದು ಬಂಧನ, ವಿಚಾರಣೆಗಳ ಈಗಿನ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮೇ ಹೇಳುತ್ತದೆ. ‘ಸುಮ್ಮನೆ ವಿಚಾರಣೆಗೆ’ ಎಂದರೆ ಲಿಖಿತ ನೋಟಿಸು ಕೇಳಿ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿಯೆಂದು ವಿಚಾರಿಸುವುದಾದರೆ ಅವರ ಮನೆಗೇ ಬಂದು ವಿಚಾರಿಸಬೇಕು.

ಆಮೇಲಿನ 24 ಗಂಟೆ ಬಹಳ ಮುಖ್ಯ. ಪ್ರಯಾಣದ ಹೊತ್ತನ್ನು ಬಿಟ್ಟು ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ಇಬ್ಬರು ಸರದಿಯ ಮೇಲೆ ಠಾಣೆಯ ಹೊರಗಿರಲಿ, ಊಟ ಒಯ್ಯಲಿ, ಕಂಡದ್ದನ್ನು ಗಂಟೆಸಹಿತ ಬರೆಯಲಿ. ಬಂಧನವನ್ನೇ ಒಪ್ಪಿಕೊಳ್ಳದೆ ‘ಇಲ್ಲಿ ಇಲ್ಲ’ ಎಂದು ಹೇಳಿದರೆ ತಡಮಾಡದೆ ಎಸ್‌ಪಿಯವರಿಗೆ (ಹುಬ್ಬಳ್ಳಿಯಲ್ಲಾದರೆ ಪೊಲೀಸ್ ಕಮಿಷನರರಿಗೆ) ಮತ್ತು ಮ್ಯಾಜಿಸ್ಟ್ರೇಟರಿಗೆ ಇಮೇಲ್, ಸ್ಪೀಡ್ ಪೋಸ್ಟ್ ಎರಡೂ ಕಳಿಸಿ, ಏಕೆಂದರೆ ಮುಂದೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ) ಅರ್ಜಿ ಹಾಕಬೇಕಾಗಿ ಬಂದರೆ ಆ ರಸೀತಿಯ ಮೇಲಿನ ಹೊತ್ತೇ ನಿಮ್ಮ ಸಾಕ್ಷಿ. ಡಿ.ಎನ್‌.ಟಿ. (ಅಂದರೆ ಆ ಹಳೆಯ ಕಾಯ್ದೆಯ ಪಟ್ಟಿಯಿಂದ ಕೈಬಿಡಲಾದ) ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಪೊಲೀಸರಿಗೆ ನಿರ್ದೇಶನ ನೀಡಿದೆ. ಆ ತೀರ್ಪಿನ ಒಂದು ನಕಲು ಓಣಿಯಲ್ಲಿರಲಿ.

ಒಳಗಿರುವವನಿಗೆ ಎರಡು ಮಾತು ಮೊದಲೇ ತಿಳಿದಿರಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಹೊಡೆದಿದ್ದರೆ ವೈದ್ಯರಿಗೂ ಮ್ಯಾಜಿಸ್ಟ್ರೇಟರಿಗೂ ಬಾಯಿಬಿಟ್ಟು ಹೇಳಬೇಕು, ಗಾಯ ತೋರಿಸಬೇಕು, ವೈದ್ಯರ ವರದಿಯ ಪ್ರತಿ ಕೇಳಿ ಪಡೆಯಬೇಕು. ಹೆದರಿ ‘ಬಿದ್ದೆ’ ಎಂದವರ ಗಾಯವನ್ನು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಜಾಮೀನು ಮಂಜೂರಾದ ಮೇಲೂ ಎಷ್ಟೋ ಜನ ಒಳಗೇ ಉಳಿಯುತ್ತಾರೆ, ಏಕೆಂದರೆ ಶ್ಯೂರಿಟಿ ನಿಲ್ಲುವವರಿಲ್ಲ. ನ್ಯಾಯಾಲಯ ಸಾಮಾನ್ಯವಾಗಿ ಹೊಲದ ಉತಾರ (ಪಹಣಿ) ಕೇಳುತ್ತದೆ. ಹೊಲವೇ ಇಲ್ಲದ ಓಣಿಯಲ್ಲಿ ಉತಾರ ಎಲ್ಲಿಂದ ತರಬೇಕು? ಓಣಿಯ ಸಂಘವೊಂದು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ: ನಿಮ್ಮನ್ನು ಹತ್ತಾರು ವರ್ಷದಿಂದ ಬಲ್ಲ ರೈತರು, ಶಿಕ್ಷಕರು, ಸಂಬಳದ ನೌಕರರನ್ನು ಮುಂಚಿತವಾಗಿಯೇ ಕಂಡು ಮಾತನಾಡಿ, ಒಪ್ಪಿದ ನಾಲ್ಕೈದು ಜನರ ಹೆಸರು, ಉತಾರ ಅಥವಾ ಸಂಬಳಪತ್ರ, ಆಧಾರ್, ಫೋಟೊಗಳನ್ನು ಒಂದು ಫೈಲಿನಲ್ಲಿ ಇಟ್ಟಿರಿ. ಕೋರ್ಟಿನ ಬಾಗಿಲಲ್ಲಿ ದುಡ್ಡಿಗೆ ಜಾಮೀನು ನಿಲ್ಲುವವರ ಬಳಿ ಹೋಗಬೇಡಿ. ಸುಳ್ಳು ದಾಖಲೆಯಾದರೆ ಹೊಸ ಕೇಸು ಹುಟ್ಟುತ್ತದೆ. ಯಾರೂ ಸಿಗದಿದ್ದರೆ ಷರತ್ತು ಸಡಿಲಿಸುವಂತೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಜಾಮೀನು ಸಿಕ್ಕ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದವರ ಷರತ್ತು ಬದಲಾಯಿಸಬೇಕೇ ಎಂದು ನ್ಯಾಯಾಲಯಗಳೇ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ.

ಹೊರಬಂದವನು ಒಂದು ತಾರೀಖು ತಪ್ಪಿಸಿದರೂ ವಾರಂಟು ಹೊರಡುತ್ತದೆ, ಶ್ಯೂರಿಟಿ ನಿಂತ ಪುಣ್ಯಾತ್ಮರಿಗೂ ತೊಂದರೆಯಾಗುತ್ತದೆ. ಆದ್ದರಿಂದ ಮುಂದಿನ ತಾರೀಖನ್ನು ಅದೇ ಗೋಡೆಯ ಮೇಲೆ ನಂಬರುಗಳ ಕೆಳಗೆ ಬರೆಯಿರಿ. ಆ ದಿನ ಅವನ ಜೊತೆ ಒಬ್ಬರು ಹೋಗಲಿ, ತಪ್ಪಿದ ಕೂಲಿಯನ್ನು ಸಂಘದ ಡಬ್ಬಿಯಿಂದ ಸಂಜೆಯೇ ಆ ಮನೆಗೆ ಮುಟ್ಟಿಸಲಿ.